ಹೊಳೆಯ ನೀರು, ಬೋರಿನ ನೀರು

ಭೀಮಾನದಿಯ ಕಣಿವೆಯ ಎರೆಭೂಮಿಯಲ್ಲಿ ನೆಲೆಸಿರುವ, ಜೇವರ್ಗಿ ತಾಲ್ಲೂಕಿನ ಕೊಳಕೂರದಂತಹ ಗ್ರಾಮದ ಗೃಹಸ್ಥನು ಮನೆಯಲ್ಲಿ ಜಲಶೋಧಕವೊಂದನ್ನು ಸ್ಥಾಪಿಸಬೇಕೆಂದು ಸಂಕಲ್ಪಿಸಿದಾಗ, ಅಂಗಡಿಯವನು ಹೊಗಳುವ ಯಂತ್ರ ಯಾವುದೆಂದು ಕೇಳುವುದಕ್ಕೆ ಮೊದಲು ತನ್ನ ಕೊಡಕ್ಕೆ ಬರುವ ನೀರು ಹೊಳೆಯದೋ ಬೋರಿನದೋ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಏಕೆಂದರೆ ಒಂದರ ದೋಷಕ್ಕೆ ಔಷಧವಾದದ್ದು ಇನ್ನೊಂದರ ದೋಷಕ್ಕೆ ಔಷಧವಾಗಲಾರದು.

ಮಳೆಗಾಲದ ಹೊಳೆಯ ನೀರನ್ನು ಗಾಜಿನ ಪಾತ್ರೆಯಲ್ಲಿ ಇರಿಸಿ ನೋಡಿದರೆ, ಮರಳು ಬೇಗನೆ ತಳಕ್ಕೆ ಇಳಿದರೂ ಕದಡು ಮರುದಿನವೂ ಹೋಗದು. ಜೇಡಿಯ ಸೂಕ್ಷ್ಮಕಣಗಳೆಲ್ಲವೂ ಋಣವಿದ್ಯುತ್ತನ್ನು ಧರಿಸಿ ಒಂದನ್ನೊಂದು ದೂಡುತ್ತ ತೇಲುತ್ತಿರುವುದೇ ಇದಕ್ಕೆ ಕಾರಣ. ಕೊಡಕ್ಕೆ ಚಿಟಿಕೆಯಷ್ಟು ಪಟಿಕದ ಪುಡಿಯನ್ನು ಬೆರೆಸಿ ಮೆಲ್ಲನೆ ತಿರುವಿದರೆ, ಅದರಲ್ಲಿರುವ ಅಲ್ಯೂಮಿನಿಯಂ ಆ ಋಣವಿದ್ಯುತ್ತನ್ನು ಶಮನಗೊಳಿಸುವುದರಿಂದ ಕಣಗಳು ಪರಸ್ಪರ ಅಂಟಿಕೊಂಡು, ಹಿಂಜಿದ ಅರಳೆಯ ಎಳೆಗಳಂತೆ ಕೂಡಿ, ಭಾರವಾಗಿ ತಳಕ್ಕಿಳಿಯುವುವು. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ತೇಯ್ದು ಇದೇ ಫಲವನ್ನು ಪಡೆಯುತ್ತಿದ್ದರೆಂಬುದು ಸ್ಮರಣೀಯ. ತಿಳಿಯಾದ ನೀರು ನಿರ್ದುಷ್ಟವಾದ ನೀರಲ್ಲ. ರೋಗಾಣುಗಳನ್ನು ಕುದಿಸಿಯೋ, ಕ್ಲೋರಿನ್ ಬೆರೆಸಿ ಅರ್ಧಗಂಟೆ ಕಾಯ್ದೋ, ಅತಿನೇರಳೆ ಕಿರಣಗಳಿಂದಲೋ ಕೊಲ್ಲಬೇಕು. ಕದಡಿನ ಕಣಗಳ ಮರೆಯಲ್ಲಿ ಅಡಗಿದ ರೋಗಾಣುವಿಗೆ ಕಿರಣವು ತಾಗದಾದ್ದರಿಂದ, ಮೊದಲು ತಿಳಿಗೊಳಿಸಿ ಆಮೇಲೆ ಕೊಲ್ಲುವ ಈ ಕ್ರಮವು ವ್ಯತ್ಯಾಸವಾಗಬಾರದು.

ಬೋರಿನ ನೀರಿನ ಸಂಗತಿಯೇ ಬೇರೆ. ಈ ಸೀಮೆಯ ಬಸಾಲ್ಟ್ ಶಿಲೆ ಹಾಗೂ ಶಹಾಬಾದಿನ ಸುಣ್ಣಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕರಗಿಸಿಕೊಂಡು ಸಾಬೂನಿನ ನೊರೆಯನ್ನು ಕೊಡಲೊಲ್ಲದು. ಕಾಯಿಸಿದ ಪಾತ್ರೆಯ ಒಳಮೈಗೆ ಬಿಳಿಯ ಹೆಕ್ಕಳೆ ಕಟ್ಟುವುದು ಇದರಿಂದಲೇ. ನೋಟಕ್ಕೆ ಸ್ವಚ್ಛವಾಗಿದ್ದರೂ ಇದರಲ್ಲಿ ಫ್ಲೋರೈಡ್ ಇರಬಹುದು. ಭಾರತೀಯ ಮಾನಕವಾದ ಐಎಸ್ 10500, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ಜಲಮೂಲವೇ ಇಲ್ಲದಲ್ಲಿ 1.5 ಮಿಲಿಗ್ರಾಂವರೆಗೆ ಸಹ್ಯವೆಂದೂ ವಿಧಿಸಿದೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಇಂಗಿದಷ್ಟೂ ಸಾಂದ್ರವಾಗುವುದು. ಇಂತಹ ನೀರಿಗೆ ಆರ್‌ಒ ಯಂತ್ರವು ನಿಜವಾಗಿ ಉಪಕಾರಿ: ನೀರಿನ ಅಣುಗಳನ್ನು ಬಿಟ್ಟು ಲವಣಗಳ ಬಹುಪಾಲನ್ನು ತಡೆಯುವ ಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸುವುದೇ ಅದರ ಕ್ರಿಯೆ.

ಆದರೆ ಬೆರಳುದ್ದದ ಟಿಡಿಎಸ್ ಮಾಪಕವನ್ನು ಅದ್ದಿ ಅಂಕೆಯನ್ನು ತೋರಿಸುವವರ ಮಾತಿಗೆ ಮರುಳಾಗುವುದು ತರವಲ್ಲವೆಂದು ನಾನು ಒತ್ತಿ ಹೇಳುವೆನು. ಆ ಅಂಕೆಯು ಕರಗಿದ ಲವಣಗಳ ಒಟ್ಟು ಪ್ರಮಾಣದ ಅಂದಾಜು ಮಾತ್ರ. ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ಅದು ಅರಿಯದು. 400 ಎಂಬ ನಿರಪಾಯವೆನಿಸುವ ಅಂಕೆಯೊಳಗೆ 2 ಮಿಲಿಗ್ರಾಂ ಫ್ಲೋರೈಡ್ ಅಡಗಿರಬಹುದು. ಆದಕಾರಣ ಬಾಟಲಿಯೊಂದರಲ್ಲಿ ನೀರನ್ನು ಕೊಂಡೊಯ್ದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದೇ ಮೊದಲ ಖರ್ಚಾಗಬೇಕು. ಆರ್‌ಒ ಯಂತ್ರವು ಹೊರಚೆಲ್ಲುವ ನೀರಿನಲ್ಲಿ ಲವಣಗಳು ಹೆಚ್ಚಿರುತ್ತವಾದರೂ ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಅದು ಸಲ್ಲುವುದು.

ಅತಿನೇರಳೆ ಕಿರಣಗಳು ನೀರಿನಲ್ಲಿ ಯಾವ ರಕ್ಷಣೆಯನ್ನೂ ಉಳಿಸುವುದಿಲ್ಲವಾದ್ದರಿಂದ, ಶುದ್ಧಗೊಂಡ ನೀರಿಗೆ ತಂಬಿಗೆಯ ಜತೆ ಬೆರಳೂ ಅದ್ದಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಮುಚ್ಚಳವೂ ನಲ್ಲಿಯೂ ಇರುವ ಪಾತ್ರೆಯನ್ನು ಯಂತ್ರದ ಜತೆಯಲ್ಲಿಯೇ ಕೊಳ್ಳತಕ್ಕದ್ದು.