ಜಿಲ್ಲೆ ಇದ್ದೂ ತಾಲೂಕು ಬಾರದೇಕೆ?

ನಮ್ಮ ವಾಚನಾಲಯಕ್ಕೆ ನಿತ್ಯವೂ ಬರುವ ಸದಸ್ಯರೊಬ್ಬರು, ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಕಳೆದ ತಿಂಗಳ ಒಂದು ಸಂಜೆ ಮಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ಇಲ್ಲಿಯ ಕಂಪ್ಯೂಟರಿನಲ್ಲಿ ತುಂಬುತ್ತಿದ್ದರು. ಮರುದಿನವೇ ಕೊನೆಯ ದಿನ. ಖಾಯಂ ವಿಳಾಸದ ಜಾಗದಲ್ಲಿ ಜಿಲ್ಲೆಗಳ ಪಟ್ಟಿಯೊಂದಿತ್ತು. ಅದರಲ್ಲಿ ‘ಉಡುಪಿ’ ಎಂದು ಮೊದಲೇ ಕಾಣುತ್ತಿತ್ತು. ಅದರ ಕೆಳಗಿನ ತಾಲೂಕಿನ ಪಟ್ಟಿಯನ್ನು ತೆರೆದು ನೋಡಿದರೆ ಒಂದು ಹೆಸರೂ ಇಲ್ಲ! ತಾಲೂಕು ಬರೆಯದೆ ಅರ್ಜಿ ಮುಂದಕ್ಕೆ ಹೋಗದು.

“ಎಂಥದು ಮಾರಾಯ್ರೆ ಇದು? ಜಿಲ್ಲೆ ಉಂಟು, ತಾಲೂಕೇ ಇಲ್ಲ!” ಎಂದರು ಕಾರ್ಕಳದವರಾದ ಅವರು.

“ಒಮ್ಮೆ ಕಲಬುರಗಿಗೆ ಹೋಗಿ, ಮತ್ತೆ ಉಡುಪಿಗೆ ಬನ್ನಿ,” ಎಂದೆ.

ಅವರು ನಕ್ಕರು. ಆದರೂ ಪಟ್ಟಿಯಲ್ಲಿ ಕಲಬುರಗಿಯನ್ನು ಒತ್ತಿ, ಪುನಃ ಉಡುಪಿಯನ್ನು ಒತ್ತಿದರು. ಕೂಡಲೆ ಕಾರ್ಕಳ, ಕುಂದಾಪುರ, ಬೈಂದೂರು ಮೊದಲಾಗಿ ಏಳು ತಾಲೂಕುಗಳೂ ಬಂದು ನಿಂತವು. ಇದು ಮಂತ್ರವಲ್ಲ. ಇದರ ಮರ್ಮವನ್ನು ತಿಳಿದುಕೊಂಡರೆ ಅರ್ಜಿ ತುಂಬುವವರಿಗೂ ಪ್ರಯೋಜನ, ರಾತ್ರಿ ತರಗತಿಯಲ್ಲಿ ಇಂಥ ಪುಟಗಳನ್ನು ಮಾಡಲು ಕಲಿಯುತ್ತಿರುವ ನಮ್ಮ ತರುಣರಿಗೂ ಪ್ರಯೋಜನ.

ಒತ್ತಿದರೆ ಕೆಳಕ್ಕೆ ಬಿಚ್ಚಿಕೊಳ್ಳುವ ಈ ಪಟ್ಟಿಗೆ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ‘ಸೆಲೆಕ್ಟ್’ ಎಂದು ಹೆಸರು. ಅದರ ಒಂದೊಂದು ಸಾಲಿಗೆ ‘ಆಪ್ಶನ್’ ಎಂದು ಹೆಸರು. ಈ ಪಟ್ಟಿ ಹೋಟೆಲಿನ ಗೋಡೆಯ ಮೇಲಿನ ತಿಂಡಿಯ ಹಲಗೆಯಂತೆ. ಹಲಗೆಯೇ ದೋಸೆ ಹುಯ್ಯುವುದಿಲ್ಲ. ಗಿರಾಕಿಯ ಮಾತನ್ನು ಕೇಳಿಸಿಕೊಂಡು ಅಡುಗೆಮನೆಗೆ ತಿಳಿಸಲು ಒಬ್ಬ ಮಾಣಿ ಬೇಕು. ಪುಟದಲ್ಲಿ ಆ ಮಾಣಿಯ ಕೆಲಸ ಮಾಡತಕ್ಕದ್ದು ಜಾವಾಸ್ಕ್ರಿಪ್ಟ್. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬವರು 1995ರಲ್ಲಿ ರಚಿಸಿದ ಭಾಷೆಯಿದು.

ಪಟ್ಟಿಯಲ್ಲಿ ಆಯ್ಕೆ ಬದಲಾದಾಗ ಬ್ರೌಸರು ‘ಚೇಂಜ್’, ಎಂದರೆ ‘ಬದಲಾಯಿತು’, ಎಂಬ ಸೂಚನೆಯನ್ನು ಹೊರಡಿಸುತ್ತದೆ. ಪುಟ ಮಾಡುವವನು ಈ ಸೂಚನೆಗೆ ಕಿವಿಗೊಟ್ಟಿರುವಂತೆ ಒಂದು ಕಾರ್ಯವನ್ನು ಬರೆದಿಡಬೇಕು. ಆ ಕಾರ್ಯವು ಆರಿಸಿದ ಜಿಲ್ಲೆ ಯಾವುದೆಂದು ಓದಿಕೊಂಡು, ತಾಲೂಕಿನ ಪಟ್ಟಿಯಲ್ಲಿದ್ದ ಹಳೆಯ ಹೆಸರುಗಳನ್ನೆಲ್ಲ ಅಳಿಸಿ, ಹೊಸ ಹೆಸರುಗಳನ್ನು ತುಂಬಬೇಕು. ಅಳಿಸುವುದನ್ನು ಮರೆತರೆ ಉಡುಪಿ ಜಿಲ್ಲೆಯಲ್ಲಿ ಕಲಬುರಗಿಯ ಆಳಂದವೂ ಉಳಿದೀತು. ಅಂಥ ಅರ್ಜಿ ತಿರಸ್ಕೃತವಾದರೆ ನಷ್ಟ ತುಂಬಿದವನಿಗೇ ಹೊರತು ಪುಟ ಮಾಡಿದವನಿಗಲ್ಲ.

ಈಗ ನಮ್ಮ ಮಿತ್ರರ ತೊಂದರೆಗೆ ಬರೋಣ. ಬೇರೆ ಏನನ್ನೂ ಹೇಳದಿದ್ದರೆ ಬ್ರೌಸರು ಪಟ್ಟಿಯ ಮೊದಲ ಸಾಲನ್ನೇ ಆರಿಸಿದ್ದೆಂದು ಇಟ್ಟುಕೊಳ್ಳುತ್ತದೆ. ಕರ್ನಾಟಕದ 31 ಜಿಲ್ಲೆಗಳನ್ನು ಕನ್ನಡದ ಅಕ್ಷರಕ್ರಮದಲ್ಲಿ ಜೋಡಿಸಿದರೆ ಮೊದಲು ಬರುವುದೇ ಉಡುಪಿ. ಅವರಿಗೆ ಬೇಕಾದದ್ದು ಮೊದಲೇ ಆರಿಸಲ್ಪಟ್ಟಿತ್ತು. ಬದಲಾವಣೆಯೇ ಇಲ್ಲವಾದ ಮೇಲೆ ‘ಬದಲಾಯಿತು’ ಎಂಬ ಸೂಚನೆ ಎಲ್ಲಿಂದ ಬರಬೇಕು? ಅದನ್ನು ಕಾಯುತ್ತಿದ್ದ ಕಾರ್ಯ ಕಾಯುತ್ತಲೇ ಇತ್ತು. ಇತರ 30 ಜಿಲ್ಲೆಗಳವರಿಗೆ ಈ ಕಷ್ಟ ಬರಲಿಲ್ಲವಾದ್ದರಿಂದ ಪುಟ ಮಾಡಿದವರ ಕಣ್ಣಿಗೂ ಅದು ಬೀಳಲಿಲ್ಲವೆಂದು ತೋರುತ್ತದೆ. ಇಂಗ್ಲಿಷ್ ಅಕ್ಷರಕ್ರಮದ ಪಟ್ಟಿಯಾಗಿದ್ದರೆ ಇದೇ ಪಾಡು ಬಾಗಲಕೋಟೆಯವರದಾಗುತ್ತಿತ್ತು.

ಇದಕ್ಕೆ ಪರಿಹಾರ ಸುಲಭ. ಮೊದಲ ಸಾಲಿನಲ್ಲಿ ಯಾವ ಊರನ್ನೂ ಬರೆಯದೆ ‘ಜಿಲ್ಲೆಯನ್ನು ಆರಿಸಿ’ ಎಂದಷ್ಟೇ ಬರೆದು, ಅದರ ಬೆಲೆಯನ್ನು ಖಾಲಿ ಬಿಡಬೇಕು. ಪಟ್ಟಿಗೆ ‘ರಿಕ್ವೈರ್ಡ್’ ಎಂಬ ಗುರುತು ಹಾಕಿದರೆ, ಆರಿಸದೆ ಬಿಟ್ಟ ಅರ್ಜಿಯನ್ನು ಬ್ರೌಸರೇ ತಡೆಯುತ್ತದೆ. ಇನ್ನೊಂದು, ತಾಲೂಕು ತುಂಬುವ ಕಾರ್ಯವನ್ನು ಪುಟ ತೆರೆದೊಡನೆಯೂ ಒಮ್ಮೆ ನಡೆಸಬೇಕು. ಹಿಂದಿನ ಪುಟಕ್ಕೆ ಮರಳಿದಾಗ ಜಿಲ್ಲೆ ಹಾಗೆಯೇ ಉಳಿದಿದ್ದರೆ, ತಾಲೂಕುಗಳೂ ಅದರೊಡನೆ ಬರಬೇಕಷ್ಟೆ.

ಮೇಲೆ ‘ಬೆಲೆ’ ಎಂದೆನಲ್ಲ, ಅದೇನೆಂದರೆ: ಪ್ರತಿ ಸಾಲಿಗೂ ಕಣ್ಣಿಗೆ ಕಾಣುವ ಹೆಸರೊಂದು, ಒಳಗೆ ಹೋಗುವ ‘ವ್ಯಾಲ್ಯೂ’ ಒಂದು ಇರುತ್ತವೆ. ಒಳಗೆ ಹೋಗುವುದನ್ನು ಸಂಖ್ಯೆಯಾಗಿಯೋ ಸಂಕೇತವಾಗಿಯೋ ಇಡುವುದು ಲೇಸು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಸಂಕೇತವಿಟ್ಟಿದ್ದವರು ಕಾಣುವ ಹೆಸರನ್ನಷ್ಟೇ ತಿದ್ದಿದರೆ ಸಾಕಾಗುತ್ತಿತ್ತು. ಹಳೆಯ ದಾಖಲೆಗಳೊಡನೆ ನಂಟು ಕಡಿಯುತ್ತಿರಲಿಲ್ಲ.

ಮತ್ತೊಂದು ಎಚ್ಚರಿಕೆ. ಪಟ್ಟಿಯಲ್ಲಿ ಆರಿಸಿದೊಡನೆಯೇ ಪುಟವನ್ನು ಬೇರೆಡೆಗೆ ಹಾರಿಸುವವರುಂಟು. ಮೌಸ್ ಹಿಡಿಯಲಾಗದೆ ಕೀಲಿಮಣೆಯ ಬಾಣದ ಗುರುತಿನಿಂದ ಒಂದೊಂದೇ ಸಾಲು ಇಳಿಯುವವರಿಗೆ, ಬೇಕಾದ ಸಾಲನ್ನು ಮುಟ್ಟುವ ಮೊದಲೇ ಪುಟ ಹಾರಿಹೋದೀತು. ಮುಂದಕ್ಕೆ ಸಾಗಲು ಒಂದು ಗುಂಡಿಯನ್ನು ಬೇರೆಯಾಗಿಯೇ ಇಡುವುದು ಯೋಗ್ಯ.

ಅರ್ಜಿ ತುಂಬುವ ಬಂಧುಗಳಿಗೆ ಎರಡು ಮಾತು. ಎರಡನೆಯ ಪಟ್ಟಿ ಖಾಲಿಯಿದ್ದರೆ ಮೊದಲನೆಯದರಲ್ಲಿ ಬೇರೊಂದನ್ನು ಆರಿಸಿ, ಪುನಃ ನಿಮ್ಮದಕ್ಕೆ ಬನ್ನಿ. ಕಳುಹಿಸುವ ಮುನ್ನ ಜಿಲ್ಲೆ, ತಾಲೂಕು ಎರಡನ್ನೂ ಮತ್ತೊಮ್ಮೆ ಓದಿ.

ಪುಟ ಮಾಡುವ ತರುಣರಿಗೆ ಒಂದೇ ಮಾತು. ಕೆಲಸ ಮುಗಿಯಿತೆನ್ನುವ ಮೊದಲು ಪಟ್ಟಿಯ ನಡುವಿನ ಹೆಸರನ್ನಲ್ಲ, ಮೊದಲನೆಯ ಹೆಸರನ್ನು ಆರಿಸಿ ನೋಡಿ. ಆ ಊರಿನವನೊಬ್ಬ ಎಲ್ಲಿಯೋ ದೂರದ ಪಟ್ಟಣದಲ್ಲಿ, ಕೊನೆಯ ದಿನದ ಹಿಂದಿನ ಸಂಜೆ, ನಿಮ್ಮ ಪುಟದ ಮುಂದೆ ಕುಳಿತಿರುತ್ತಾನೆ. ನಮ್ಮ ಮಿತ್ರರ ಅರ್ಜಿಯೇನೋ ಅಂದೇ ರಾತ್ರಿ ಹೋಯಿತು. ಅವರ ಪಕ್ಕದಲ್ಲಿ ಕುಳಿತು ಹೇಳುವವರೊಬ್ಬರಿದ್ದರು, ಎಲ್ಲರಿಗೂ ಇರುವುದಿಲ್ಲ.