ನೀರಿಗಿಳಿದ ಯಂತ್ರವೂ ನಾಲ್ವರು ಹುಡುಗರೂ

ರೋಬೋಟ್ ಎಂಬ ಮಾತು ಈಗ ಪತ್ರಿಕೆಗಳಲ್ಲಿ ದಿನವೂ ಕಾಣುವುದು. ಕನ್ನಡದಲ್ಲಿ ಇದಕ್ಕೆ ಯಂತ್ರಮಾನವ ಎಂಬ ಹೆಸರು ರೂಢಿಯಾಗಿದೆ. ಆದರೆ ಈ ಯಂತ್ರಕ್ಕೆ ಮನುಷ್ಯನ ಹಾಗೆ ಕೈಕಾಲು, ಮುಖ ಇರಲೇಬೇಕೆಂಬ ನಿಯಮವೇನೂ ಇಲ್ಲ. ಮನುಷ್ಯನು ಹೋಗಲಾರದ ಎಡೆಗೆ ಹೋಗಿ, ದೂರದಿಂದ ಕೊಟ್ಟ ಅಪ್ಪಣೆಯಂತೆ ಇಲ್ಲವೆ ಮೊದಲೇ ತುಂಬಿಟ್ಟ ಸೂಚನೆಯಂತೆ ಕೆಲಸ ಮಾಡಿದರೆ ಸಾಕು, ಅದು ರೋಬೋಟ್ ಎನಿಸುವುದು. ಈ ಹೆಸರು ಬಂದುದು ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ಒಂದು ನಾಟಕದಿಂದ. ಆ ಭಾಷೆಯಲ್ಲಿ ‘ರೋಬೋತ’ ಎಂದರೆ ಒಡೆಯನಿಗಾಗಿ ಮಾಡತಕ್ಕ ಕಡ್ಡಾಯದ ದುಡಿಮೆ. ನಮ್ಮ ಹಳ್ಳಿಗಳ ಬಿಟ್ಟಿ ಚಾಕರಿಯನ್ನು ನೆನೆದರೆ ಅದರ ಅರ್ಥ ತಾನಾಗಿಯೇ ಹೊಳೆಯುವುದು.

ಶಾಲೆಯ ಹುಡುಗರು ಇಂತಹ ಯಂತ್ರಗಳನ್ನು ತಾವೇ ಕಟ್ಟಿ ಪಂದ್ಯಕ್ಕೆ ಒಯ್ಯುವ ಪದ್ಧತಿ ಈಗ ಅನೇಕ ದೇಶಗಳಲ್ಲಿದೆ. ಅವುಗಳಲ್ಲಿ ಹೆಸರಾದದ್ದು ಅಮೆರಿಕದ ‘ಫಸ್ಟ್’ ಎಂಬ ಸಂಸ್ಥೆಯ ಪಂದ್ಯ. ಡೀನ್ ಕೇಮನ್ ಎಂಬ ಯಂತ್ರ ಸಂಶೋಧಕರು ೧೯೮೯ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು ಅವರಿಗೆ ಹೆಗಲು ಕೊಟ್ಟರು. ಮೊದಲನೆಯ ಪಂದ್ಯ ೧೯೯೨ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಶಾಲೆಯ ವ್ಯಾಯಾಮ ಮಂದಿರದಲ್ಲಿ ನಡೆಯಿತು. ಅಂದು ಬಂದ ತಂಡಗಳು ೨೮.

ಈ ಪಂದ್ಯದ ಬಿಗಿಯೆಲ್ಲ ಇದ್ದುದು ಗಡುವಿನಲ್ಲಿ. ಈ ವರ್ಷದ ಆಟವೇನು, ಯಂತ್ರ ಯಾವ ಕೆಲಸ ಮಾಡಬೇಕು ಎಂಬುದನ್ನು ಜನವರಿಯಲ್ಲಿ ಸಾರುವರು. ಅಂದಿನಿಂದ ಸುಮಾರು ಆರು ವಾರಗಳಲ್ಲಿ ಎಲ್ಲ ಮುಗಿಯಬೇಕಾಗಿತ್ತು. ಮುಗಿಯಿತೆಂದರೆ ಯಂತ್ರವನ್ನು ಪೆಟ್ಟಿಗೆಗೆ ತುಂಬಿ ಕಳಿಸಬೇಕಾಗಿತ್ತು. ಆಮೇಲಿನ ವರ್ಷಗಳಲ್ಲಿ ದೊಡ್ಡ ಚೀಲದೊಳಗಿಟ್ಟು ಅದಕ್ಕೆ ಸಂಖ್ಯೆಯುಳ್ಳ ಮುದ್ರೆ ಹಾಕಬೇಕಾಗಿತ್ತು. ಮುದ್ರೆ ಬಿದ್ದ ಮೇಲೆ ಒಂದು ತಿರುಪನ್ನೂ ಮುಟ್ಟುವಂತಿರಲಿಲ್ಲ. ೨೦೨೦ರ ಪಂದ್ಯದಿಂದ ಈ ಮುದ್ರೆಯ ನಿಯಮವನ್ನು ತೆಗೆದುಹಾಕಿದ್ದಾರೆ. ಆದರೂ ಪಂದ್ಯದ ದಿನವೆಂಬ ಕೊನೆಯ ಗಡುವು ಯಾರಿಗಾಗಿಯೂ ಕಾಯುವುದಿಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸಬೇಕಾದ ಗುಮಾಸ್ತರಿಗೂ, ಮಾಲಿನ ಲಾರಿ ಬಾಗಿಲಲ್ಲಿ ನಿಂತಿರುವಾಗ ಮೂಟೆ ಕಟ್ಟುವವರಿಗೂ ಇದು ಹೊಸ ಮಾತಲ್ಲ.

ಇಂತಹ ಗಡುವಿನ ಕಥೆಗಳಲ್ಲಿ ನಮ್ಮ ವಾಚಕರು ತಿಳಿಯಲೇಬೇಕಾದ ಒಂದಿದೆ. ಅದು ನಡೆದುದು ೨೦೦೪ರಲ್ಲಿ. ಅಮೆರಿಕದ ಅರಿಜೋನ ರಾಜ್ಯದ ಫೀನಿಕ್ಸ್ ನಗರದ ಪಶ್ಚಿಮ ಭಾಗದಲ್ಲಿ ಕಾರ್ಲ್ ಹೇಡನ್ ಎಂಬ ಹೈಸ್ಕೂಲು ಇದೆ. ಆ ಕೇರಿ ಬಡವರದು. ಮಕ್ಕಳಲ್ಲಿ ಬಹುಮಂದಿ ಮೆಕ್ಸಿಕೋ ದೇಶದಿಂದ ದುಡಿಮೆಗಾಗಿ ಬಂದವರ ಮಕ್ಕಳು. ಅಲ್ಲಿ ಅಲನ್ ಕ್ಯಾಮೆರಾನ್ ಮತ್ತು ಫ್ರೆಡಿ ಲಾಜ್ವರ್ದಿ ಎಂಬ ಇಬ್ಬರು ಉಪಾಧ್ಯಾಯರಿದ್ದರು. ಲಾಜ್ವರ್ದಿಯವರು ತಾವೂ ಇರಾನಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲಿಯೇ ಅಮೆರಿಕಕ್ಕೆ ಬಂದವರು. ಇವರಿಬ್ಬರೂ ನಾಲ್ವರು ಹುಡುಗರನ್ನು ಕೂಡಿಸಿ ನೀರಿನಡಿ ಕೆಲಸ ಮಾಡುವ ಯಂತ್ರಗಳ ಪಂದ್ಯಕ್ಕೆ ತಂಡ ಕಟ್ಟಿದರು.

ನಾಲ್ವರೂ ಮೆಕ್ಸಿಕೋದಲ್ಲಿ ಹುಟ್ಟಿ, ಮಕ್ಕಳಾಗಿದ್ದಾಗ ತಂದೆತಾಯಿಗಳೊಡನೆ ಗಡಿ ದಾಟಿ ಬಂದವರು. ಆ ದೇಶದಲ್ಲಿ ಇರಲು ಅವರ ಬಳಿ ಕಾಗದಪತ್ರಗಳಿರಲಿಲ್ಲ. ಒಬ್ಬನಿಗೆ ಸೈನ್ಯದ ಶಿಸ್ತು ಗೊತ್ತಿತ್ತು, ಅವನು ಮುಂದಾಳಾದನು. ಒಬ್ಬನು ಲೆಕ್ಕ, ವಿಜ್ಞಾನಗಳಲ್ಲಿ ಚುರುಕು. ಒಬ್ಬನಿಗೆ ಮೋಟಾರು ದುರಸ್ತಿ ನೋಡಿ ನೋಡಿ ಕೈಗೆ ಹದ ಬಂದಿತ್ತು. ಇನ್ನೊಬ್ಬನು ಮಾತು ಕಡಮೆ, ಮೈಕಟ್ಟಿನ ಆಳು. ಯಂತ್ರವನ್ನು ನೀರಿಗಿಳಿಸಿ ಮೇಲೆತ್ತುವುದು ಅವನ ಪಾಲಿನ ಕೆಲಸ. ಒಂದು ಯಂತ್ರಕ್ಕೆ ಇಷ್ಟು ಬಗೆಯ ಜನ ಬೇಕು. ಎಲ್ಲರೂ ಜಾಣರಾಗಿ, ಎತ್ತುವವನೊಬ್ಬನೂ ಇಲ್ಲದಿದ್ದರೆ ಯಂತ್ರ ದಡದಲ್ಲಿಯೇ ಉಳಿಯುವುದು.

ಪಂದ್ಯವನ್ನು ಆ ವರ್ಷದ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಸಾಂತಾ ಬಾರ್ಬರದ ವಿಶ್ವವಿದ್ಯಾನಿಲಯದಲ್ಲಿ ಇಟ್ಟಿದ್ದರು. ಈಜುಕೊಳದ ತಳದಲ್ಲಿ ಮುಳುಗಿದ ಜಲಾಂತರ್ಗಾಮಿಯ ಮಾದರಿಯೊಂದಿತ್ತು. ಯಂತ್ರವು ಕೆಳಗಿಳಿದು ಅದರ ಉದ್ದ ಅಳೆಯಬೇಕು, ನೀರಿನ ಆಳ ತಿಳಿಸಬೇಕು, ಶಾಖ ನೋಡಬೇಕು, ಪೀಪಾಯಿಯ ಕಿರಿದಾದ ತೂತಿನಿಂದ ದ್ರವವನ್ನು ಹೀರಿ ತರಬೇಕು. ಹೀಗೆ ಏಳು ಕೆಲಸ. ಶಾಲೆಗಳಿಗೊಂದು ವರ್ಗ, ಕಾಲೇಜುಗಳಿಗೊಂದು ವರ್ಗ ಇದ್ದವು. ಉಪಾಧ್ಯಾಯರು ಹುಡುಗರನ್ನು ಕಾಲೇಜಿನ ವರ್ಗಕ್ಕೇ ಸೇರಿಸಿದರು. ದೊಡ್ಡವರೊಡನೆ ಸೋತರೆ ಅವಮಾನವಿಲ್ಲ, ಕಲಿಯುವುದಂತೂ ಹೆಚ್ಚು ಎಂಬುದು ಅವರ ಎಣಿಕೆ. ಎದುರಿಗಿದ್ದವರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯೂ ಒಂದು. ಎಮ್.ಐ.ಟಿ. ಎಂದರೆ ಜಗತ್ತೇ ತಲೆದೂಗುವ ಕಾಲೇಜು. ಅವರ ತಂಡದಲ್ಲಿ ೧೨ ಮಂದಿ. ಅವರ ಬೆನ್ನಿಗೆ ದೊಡ್ಡ ಎಣ್ಣೆ ಕಂಪನಿಯ ಧನಸಹಾಯ. ಫೀನಿಕ್ಸಿನ ಹುಡುಗರ ಯಂತ್ರಕ್ಕೆ ತಗಲಿದುದು ಸುಮಾರು ೮೦೦ ಡಾಲರು. ಅದನ್ನೂ ಊರಿನ ಅಂಗಡಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಕೂಡಿಸಿದ್ದರು.

ಇನ್ನು ಯಂತ್ರದ ಮಾತು. ನೀರಿನೊಳಗೆ ಕೆಲಸ ಮಾಡತಕ್ಕ ಯಂತ್ರ ಕಲ್ಲಿನಂತೆ ಮುಳುಗಲೂ ಬಾರದು, ಬೆಂಡಿನಂತೆ ತೇಲಲೂ ಬಾರದು. ಯಂತ್ರ ತಾನು ಸರಿಸಿದ ನೀರಿನ ತೂಕದಷ್ಟೇ ತೂಗಿದರೆ ಬಿಟ್ಟ ಕಡೆ ನಿಲ್ಲುವುದು. ಒಂದು ಲೀಟರು ಜಾಗ ಹಿಡಿಯುವ ವಸ್ತುವನ್ನು ನೀರು ಸುಮಾರು ಒಂದು ಕಿಲೋ ತೂಕದಷ್ಟು ಮೇಲಕ್ಕೆ ನೂಕುವುದು. ಇದೇ ಆರ್ಕಿಮಿಡೀಸನ ನಿಯಮ. ಹುಡುಗರು ಲೋಹದ ಚೌಕಟ್ಟಿನ ಬದಲು ನಲ್ಲಿ ಕೆಲಸಕ್ಕೆ ಬಳಸುವ ಪಿ.ವಿ.ಸಿ. ಕೊಳವೆಗಳನ್ನು ಆರಿಸಿದರು. ಕೊಳವೆ ಅಗ್ಗ. ಒಳಗಿನ ಗಾಳಿ ಯಂತ್ರವನ್ನು ತೇಲಿಸುವುದು. ತಂತಿಗಳೂ ಅದರೊಳಗೇ ಒಣಗಿರುವುವು. ಒಂದೇ ವಸ್ತುವಿನಿಂದ ಮೂರು ಪ್ರಯೋಜನ! ಆದರೆ ಅಂಟು ಹಾಕಿ ಕೂಡಿಸಿದ ಮೇಲೆ ಬಿಚ್ಚುವಂತಿಲ್ಲ. ಆದ್ದರಿಂದ ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿ ಆಮೇಲೆ ಅಂಟು ಹಾಕಬೇಕು. ಆ ಅಂಟಿನ ನಾತದಿಂದಲೇ ಯಂತ್ರಕ್ಕೆ ‘ಸ್ಟಿಂಕಿ’ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ‘ಗಬ್ಬುನಾತದವ’ ಎನ್ನಬಹುದು.

ಎರಡನೆಯದು ವಿದ್ಯುತ್ತು. ದಡದಿಂದ ಶಕ್ತಿ ಕಳಿಸಬೇಕಾದರೆ ತಂತಿ ದಪ್ಪವಾಗಬೇಕು. ದಪ್ಪ ತಂತಿ ಯಂತ್ರವನ್ನು ನಾಯಿಯ ಹಗ್ಗದಂತೆ ಹಿಂದಕ್ಕೆ ಜಗ್ಗುವುದು. ತಂತಿ ಉದ್ದವಾದಷ್ಟೂ ದಾರಿಯಲ್ಲಿಯೇ ಶಕ್ತಿ ಸೋರಿಹೋಗುವುದು. ಇವರು ಬ್ಯಾಟರಿಯನ್ನೇ ನೀರು ಹೋಗದ ಒಂದು ಪೆಟ್ಟಿಗೆಯಲ್ಲಿಟ್ಟು ಯಂತ್ರದ ಮೇಲೇರಿಸಿದರು. ಆಗ ದಡದ ತಂತಿ ಅಪ್ಪಣೆಗಳನ್ನೂ ಚಿತ್ರವನ್ನೂ ಒಯ್ದರೆ ಸಾಕು. ಅದು ತೆಳ್ಳಗಿದ್ದರೂ ನಡೆಯುವುದು. ಲಾಭವಿದ್ದಂತೆ ಅಪಾಯವೂ ಇತ್ತು. ಪೆಟ್ಟಿಗೆಯೊಳಕ್ಕೆ ನೀರು ನುಗ್ಗಿದರೆ ಯಂತ್ರದ ಮಿದುಳೂ ಹೃದಯವೂ ಒಟ್ಟಿಗೇ ಕೆಡುವುವು.

ಮೂರನೆಯದು ಅಳತೆ. ಕಟ್ಟಡದ ಕೆಲಸದವರು ದೂರ ಅಳೆಯಲು ಬಳಸುವ ಲೇಸರ್ ಅಳತೆಗೋಲನ್ನು ಇವರು ನೀರಿಗಿಳಿಸಿದರು. ಅದು ಬೆಳಕಿನ ಕಿರಣವನ್ನು ಕಳಿಸಿ, ಬಡಿದು ಹಿಂದಿರುಗಲು ಹಿಡಿದ ಕಾಲದಿಂದ ದೂರವನ್ನು ಹೇಳುವುದು. ಆದರೆ ಗಾಳಿಯಲ್ಲಿ ಓಡುವಷ್ಟು ವೇಗವಾಗಿ ಬೆಳಕು ನೀರಿನಲ್ಲಿ ಓಡುವುದಿಲ್ಲ. ನೀರಿನಲ್ಲಿ ಅದು ಹಿಡಿಯುವ ಕಾಲ ೧.೩೩ರಷ್ಟು ಹೆಚ್ಚು. ಹೀಗಾಗಿ ೩ ಮೀಟರು ದೂರವನ್ನು ಉಪಕರಣ ೪ ಮೀಟರೆಂದು ತೋರಿಸುವುದು. ಈ ಲೆಕ್ಕ ತಿಳಿದವನು ಬಂದ ಅಂಕಿಯನ್ನು ೧.೩೩ರಿಂದ ಭಾಗಿಸಿ ಸರಿಯಾದ ಉತ್ತರ ಪಡೆಯುವನು. ತಿಳಿಯದವನು ಉಪಕರಣವೇ ಕೆಟ್ಟಿದೆಯೆಂದು ಎಸೆಯುವನು.

ಫೀನಿಕ್ಸಿನ ಒಂದು ಈಜುಕೊಳದಲ್ಲಿ ಅಭ್ಯಾಸ ಮಾಡಿ, ಎಲ್ಲವೂ ಸಿದ್ಧವಾಯಿತೆಂದು ತಂಡ ಸಾಂತಾ ಬಾರ್ಬರಕ್ಕೆ ಬಂದಿತು. ಪರೀಕ್ಷೆಗೆಂದು ಯಂತ್ರವನ್ನು ಮುಳುಗಿಸಿ ಎತ್ತಿ ಪೆಟ್ಟಿಗೆ ತೆರೆದರೆ ಒಳಗೆ ನೀರು! ಬೆಸುಗೆಗಳೂ ಸರಿಯಿರಲಿಲ್ಲ. ಮನೆಯಿಂದ ನೂರಾರು ಮೈಲಿ ದೂರ. ಪಂದ್ಯ ಎದುರಿಗೇ ನಿಂತಿದೆ. ಹೊಸ ಪೆಟ್ಟಿಗೆ ಮಾಡುವಷ್ಟು ವೇಳೆಯಿಲ್ಲ. ಸೋರಿಕೆಯನ್ನು ಪೂರ್ತಿ ತಡೆಯಲಾಗದಿದ್ದರೆ, ಸೋರಿದ ನೀರು ತಂತಿಗಳನ್ನು ಮುಟ್ಟದಂತೆ ಹೀರಿಕೊಳ್ಳುವ ಏನಾದರೂ ಬೇಕು. ಆಗ ಹೊಳೆದ ಉಪಾಯವೆಂದರೆ ಸ್ತ್ರೀಯರು ತಿಂಗಳ ದಿನಗಳಲ್ಲಿ ಬಳಸುವ ಹೀರುಬತ್ತಿ. ಹುಡುಗನೊಬ್ಬನು ನಾಚುತ್ತ ಅಂಗಡಿಗೆ ಹೋಗಿ, ಯಾವುದು ಹೆಚ್ಚು ಹೀರುವುದೆಂದು ಅಲ್ಲಿದ್ದ ಹೆಂಗಸೊಬ್ಬಳನ್ನು ಕೇಳಿ ಕೊಂಡು ತಂದನು. ಇಬ್ಬರು ರಾತ್ರಿ ನಿದ್ದೆಗೆಟ್ಟು ಬೆಸುಗೆಗಳನ್ನು ಹೊಸದಾಗಿ ಹಾಕಿದರು.

ಇದನ್ನು ಕೇಳಿ ನಗುವವರಿದ್ದಾರೆ. ಗಿರಣಿಯಲ್ಲಿ ಕೆಲಸ ಮಾಡುವವರು ನಗಬಾರದು. ಏಕೆಂದರೆ ಇದು ನಮ್ಮ ಹತ್ತಿಯ ಗುಣವೇ. ಹೊಲದಿಂದ ಬಂದ ಹತ್ತಿಯನ್ನು ನೀರಿಗೆ ಹಾಕಿದರೆ ಅದು ಬೇಗ ನೆನೆಯುವುದಿಲ್ಲ, ತೇಲುವುದು. ಎಳೆಯ ಮೇಲೆ ಸಹಜವಾದ ಮೇಣದ ಲೇಪವಿರುವುದೇ ಇದಕ್ಕೆ ಕಾರಣ. ಬಟ್ಟೆಯನ್ನು ಸೋಡಾ ಕ್ಷಾರದಲ್ಲಿ ಕುದಿಸಿ ಚೆಲುವೆ ಮಾಡುವಾಗ ಆ ಮೇಣ ಹೋಗುವುದು. ಆಮೇಲೆ ಎಳೆಯು ನೀರನ್ನು ಸೆಳೆದುಕೊಳ್ಳುವುದು. ಎಳೆಗಳ ನಡುವಿನ ಸಂದುಗಳೂ ನೀರನ್ನು ಹಿಡಿದಿಡುವುವು. ಆಸ್ಪತ್ರೆಯ ಹತ್ತಿಯೂ ಇದೇ ರೀತಿಯಲ್ಲಿ ಆದದ್ದು. ಒತ್ತಿ ಸುತ್ತಿದ ಚಿಕ್ಕ ಬತ್ತಿ ತನ್ನ ತೂಕದ ಎಷ್ಟೋ ಪಟ್ಟು ನೀರು ಕುಡಿಯುವುದು. ಕಂಪ್ಯೂಟರಿನ ಯುಗದ ಯಂತ್ರವನ್ನು ಕಾಪಾಡಿದುದು ನಮ್ಮ ಕೈಯಲ್ಲಿ ದಿನವೂ ಓಡಾಡುವ ಈ ಎಳೆಗಳ ಗುಣ.

ಪಂದ್ಯದ ದಿನ ಯಂತ್ರ ನೀರಿಗಿಳಿಯಿತು. ಪೀಪಾಯಿಯ ದ್ರವವನ್ನು ಹೀರಿ ಬಲೂನಿನಲ್ಲಿ ತುಂಬಿಕೊಂಡು ತಂದಿತು. ಆದರೂ ನೀರಿನೊಳಗಿನ ಕೆಲಸದ ಅಂಕಗಳಲ್ಲಿ ಹುಡುಗರು ಮೂರನೆಯವರಾದರು, ಎಮ್.ಐ.ಟಿ.ಯವರು ಮುಂದಿದ್ದರು. ಆದರೆ ಅಂಕಗಳು ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರತಿ ತಂಡವೂ ತನ್ನ ಯಂತ್ರದ ಬಗ್ಗೆ ವರದಿ ಬರೆದು ಒಪ್ಪಿಸಬೇಕು. ಪರೀಕ್ಷಕರ ಮುಂದೆ ನಿಂತು, ಇದನ್ನು ಏಕೆ ಹೀಗೆ ಮಾಡಿದಿರಿ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಮೇಲೆ ಹೇಳಿದ ಬೆಳಕಿನ ಲೆಕ್ಕವನ್ನೂ ತಂತಿಯ ಲೆಕ್ಕವನ್ನೂ ನಾಲ್ವರೂ ಬಲ್ಲವರಾಗಿದ್ದರು, ಮುಂದಾಳೊಬ್ಬನೇ ಅಲ್ಲ. ಎಲ್ಲವನ್ನೂ ಕೂಡಿಸಿ ನೋಡಿದಾಗ ಮೊದಲನೆಯ ಸ್ಥಾನ ಕಾರ್ಲ್ ಹೇಡನ್ ಶಾಲೆಗೆ ಬಂದಿತು, ಎಮ್.ಐ.ಟಿ.ಗೆ ಎರಡನೆಯದು. ಯಂತ್ರದ ರಚನೆಗೂ ತಾಂತ್ರಿಕ ಬರವಣಿಗೆಗೂ ಬಹುಮಾನಗಳು ಇವರಿಗೇ ಬಂದವು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಹುಡುಗರು ಇಂಗ್ಲಿಷ್ ಬರವಣಿಗೆಯಲ್ಲಿ ಗೆದ್ದರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ ಎಂದು ದಿನವೂ ತೂಗಾಡುವ ನಮ್ಮಂಥವರಿಗೆ ಈ ಬಹುಮಾನದ ತೂಕ ತಿಳಿಯದೆ ಇರದು.

ಕಥೆ ಇಲ್ಲಿಗೆ ಮುಗಿದಿದ್ದರೆ ಮಕ್ಕಳಿಗೆ ಹೇಳಲು ಚೆನ್ನಾಗಿತ್ತು. ಆದರೆ ಗೆದ್ದ ಮೇಲೆಯೂ ಕಾಗದಪತ್ರದ ಪ್ರಶ್ನೆ ಹಾಗೆಯೇ ಇದ್ದಿತು. ಅರಿಜೋನದ ಮತದಾರರು ೨೦೦೬ರಲ್ಲಿ ಒಪ್ಪಿದ ಕಾನೂನಿನಂತೆ, ಪತ್ರವಿಲ್ಲದ ವಿದ್ಯಾರ್ಥಿಗಳು ಸರ್ಕಾರಿ ಕಾಲೇಜುಗಳಲ್ಲಿ ಹೊರಗಿನವರ ದುಬಾರಿ ಶುಲ್ಕವನ್ನೇ ತೆರಬೇಕಾಯಿತು. ಲೆಕ್ಕದಲ್ಲಿ ಚುರುಕಾಗಿದ್ದವನು ಇದರಿಂದ ವಿಶ್ವವಿದ್ಯಾನಿಲಯವನ್ನು ಬಿಡಬೇಕಾಯಿತು. ಇಬ್ಬರು ಅಡಿಗೆಯ ಉದ್ಯೋಗ ಹಿಡಿದರು. ಮುಂದಾಳಾದ ಆಸ್ಕರ್ ವಾಸ್ಕೆಜ್ ೨೦೦೯ರಲ್ಲಿ ಯಂತ್ರಶಿಲ್ಪದ ಪದವಿ ಪಡೆದನು. ಕಾನೂನಿನ ದಾರಿಯಲ್ಲಿಯೇ ಬರುವೆನೆಂದು ತಾನಾಗಿ ಮೆಕ್ಸಿಕೋಗೆ ಹಿಂದಿರುಗಿ ಅರ್ಜಿ ಹಾಕಿದನು. ಹತ್ತು ವರ್ಷ ಮರಳಿ ಬರಕೂಡದೆಂದು ತಡೆ ಬಿತ್ತು. ಸೆನೆಟರ್ ಡಿಕ್ ಡರ್ಬಿನ್ ಅವನ ಪರವಾಗಿ ನಿಂತರು. ೨೦೧೦ರಲ್ಲಿ ತಡೆ ತೆರವಾಗಿ ಅವನು ಹಿಂದಿರುಗಿದನು. ಅಮೆರಿಕದ ಸೈನ್ಯ ಸೇರಿ ಆಫ್ಘಾನಿಸ್ತಾನದಲ್ಲಿ ಸೇವೆ ಮಾಡಿ, ಆ ದೇಶದ ಪೌರನೂ ಆದನು. ೨೦೧೬ರಲ್ಲಿ ರಾಷ್ಟ್ರಾಧ್ಯಕ್ಷರು ಸಂಸತ್ತಿನಲ್ಲಿ ಮಾಡಿದ ವಾರ್ಷಿಕ ಭಾಷಣಕ್ಕೆ ಮಿಶೆಲ್ ಒಬಾಮರವರ ಅತಿಥಿಯಾಗಿ ಕುಳಿತಿದ್ದನು. ಶುಲ್ಕದ ಆ ಕಾನೂನನ್ನು ಅರಿಜೋನದ ಮತದಾರರೇ ೨೦೨೨ರಲ್ಲಿ ಬದಲಾಯಿಸಿ, ಅಲ್ಲಿಯೇ ಓದಿದ ಮಕ್ಕಳಿಗೆ ಊರಿನವರ ಶುಲ್ಕವನ್ನೇ ಗೊತ್ತುಮಾಡಿದರು. ನ್ಯಾಯ ಬಂದಿತು, ಆದರೆ ಅಂದು ಗೆದ್ದ ಹುಡುಗರ ಓದಿನ ವಯಸ್ಸು ಅಷ್ಟು ಹೊತ್ತಿಗೆ ದಾಟಿಹೋಗಿತ್ತು. ಯಂತ್ರದ ಗಡುವನ್ನು ಹುಡುಗರು ಪಾಲಿಸಿದರು. ಮನುಷ್ಯರ ಆಯುಸ್ಸಿಗೂ ಗಡುವುಂಟೆಂಬುದನ್ನು ಕಾನೂನು ನೆನೆಯಲಿಲ್ಲ.

ನಮ್ಮ ದೇಶದಲ್ಲಿಯೂ ೨೦೧೬ರಲ್ಲಿ ಆರಂಭವಾದ ಯೋಜನೆಯಂತೆ ಸಾವಿರಾರು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಪ್ರಯೋಗಶಾಲೆಗಳನ್ನು ತೆರೆದಿದ್ದಾರೆ. ಅಲ್ಲಿ ಮಕ್ಕಳು ಬೆಸುಗೆ ಹಿಡಿದು, ಮೋಟಾರು ಕಟ್ಟಿ ಕಲಿಯಬಹುದು. ತಮ್ಮ ಮಕ್ಕಳ ಶಾಲೆಯಲ್ಲಿ ಅಂತಹುದು ಇದೆಯೇ, ಇದ್ದರೆ ಅದರ ಬಾಗಿಲು ತೆರೆದಿರುವುದೇ ಎಂಬುದನ್ನು ವಾಚಕರು ಒಮ್ಮೆ ಹೋಗಿ ವಿಚಾರಿಸುವುದು ಒಳ್ಳೆಯದು. ಪಾಳಿಯ ಕೆಲಸದವರಿಗೆ ಶಾಲೆಯ ವೇಳೆಯಲ್ಲಿ ಬಿಡುವಾಗುವುದು ಕಷ್ಟ. ಆದರೂ ಎರಡನೆಯ ಪಾಳಿ ಇದ್ದ ವಾರದ ಬೆಳಿಗ್ಗೆ ಅರ್ಧ ಗಂಟೆ ಸಾಕು. ಹುಡುಗ ಹಳೆಯ ಗಡಿಯಾರವನ್ನು ಬಿಚ್ಚಿ ಕುಳಿತರೆ ಬೈಯುವ ಮೊದಲು, ಅದನ್ನು ಮತ್ತೆ ಜೋಡಿಸಬಲ್ಲೆಯಾ ಎಂದು ಕೇಳಿರಿ. ಜೋಡಿಸಿದರೆ, ಹೇಗೆ ಜೋಡಿಸಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿಸಿರಿ. ಫೀನಿಕ್ಸಿನ ಹುಡುಗರಿಗೆ ಮೊದಲನೆಯ ಸ್ಥಾನ ಬಂದುದು ಕೈಯ ಕೆಲಸವೂ ಬರೆದ ಹಾಳೆಯೂ ಕೂಡಿದಾಗಲೇ.