ಧೂಳನ್ನು ಒರೆಸಬೇಡಿ, ತೊಳೆಯಿರಿ

ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ಬಂದರೆ ಸಾಕು, ಕಾರಿನ ಬಣ್ಣ ಯಾವುದೆಂದು ಗುರುತು ಸಿಗುವುದಿಲ್ಲ. ಹತ್ತಿ, ತೊಗರಿ ಹೊಲಗಳ ಕಪ್ಪು ಮಣ್ಣು, ಗುಡ್ಡದ ಕಲ್ಲಿನ ಪುಡಿ, ಟ್ರ್ಯಾಕ್ಟರ್ ಎಬ್ಬಿಸಿದ ರಸ್ತೆಯ ಧೂಳು ಎಲ್ಲವೂ ಅದರ ಮೇಲೆ ಕೂತಿರುತ್ತದೆ. ಮನೆಗೆ ಬಂದ ಕೂಡಲೇ ಯಾರಾದರೂ ಹಳೆಯ ಬಟ್ಟೆ ತಂದು ಗಸಗಸ ಒರೆಸುತ್ತಾರೆ. ಕಾರಿನ ಬಣ್ಣ ಕೆಡುವುದು ಧೂಳು ಬಿದ್ದಾಗಲ್ಲ, ಹೀಗೆ ಒರೆಸಿದಾಗ.

ನಮ್ಮ ಮನೆಯಲ್ಲಿ ಇರುವುದು ಕಪ್ಪು ಕಾರು. ಅದು ಬಿಸಿಲಿನಲ್ಲಿ ನಿಂತಿದ್ದಾಗ ಆರನೇ ತರಗತಿಯ ಮೊಮ್ಮಗಳು ಕೇಳಿದಳು: “ಮುತ್ಯಾ, ಇದರ ಮ್ಯಾಲ ಜೇಡರ ಬಲಿ ಹಂಗ ಗೆರಿ ಯಾಕ ಕಾಣ್ತಾವ?”

ಉತ್ತರ ನಮ್ಮ ಗುಡ್ಡಗಳಲ್ಲೇ ಇದೆ. ಯಾದಗಿರಿಯ ಕೋಟೆ ನಿಂತಿರುವ ಗುಡ್ಡವನ್ನು, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟವನ್ನು ನೀವು ನೋಡಿರಬಹುದು. ಅವು ಗ್ರಾನೈಟ್ ಕಲ್ಲಿನವು. ಗ್ರಾನೈಟ್ ಸವೆದಾಗ ಅದರೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಮರಳಾಗಿ ಉಳಿಯುತ್ತದೆ. 1812ರಲ್ಲಿ ಫ್ರೆಡರಿಕ್ ಮೋಸ್ ಎಂಬ ವಿಜ್ಞಾನಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. ವಜ್ರಕ್ಕೆ 10, ಕ್ವಾರ್ಟ್ಜ್‌ಗೆ 7. ನಮ್ಮ ಉಗುರು ಸುಮಾರು ಎರಡೂವರೆ. ಗಟ್ಟಿಯಾದದ್ದು ಮೆತ್ತಗಿನದನ್ನು ಗೀರುತ್ತದೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಎಂದರೆ, ನಿಮ್ಮ ನೋಟ್‌ಬುಕ್ಕಿನ ಹಾಳೆಗಿಂತಲೂ ಅದು ತೆಳು. ಒಣ ಬಟ್ಟೆಯ ಕೆಳಗೆ ಸಿಕ್ಕ ಮರಳಿನ ಕಣ ಅದರ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಗೆರೆಗಳು ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಅವು ಬಲೆಯಂತೆ ದುಂಡಗೆ ಕಾಣುತ್ತವೆ. ತಿಕ್ಕಿ ತಿಕ್ಕಿ ಹಳೆಯದಾದ ಸ್ಟೀಲ್ ತಾಟನ್ನು ಬಲ್ಬಿನ ಕೆಳಗೆ ಹಿಡಿಯಿರಿ, ಅಲ್ಲೂ ಇದೇ ಬಲೆ ಕಾಣುತ್ತದೆ.

ಎಲ್ಲ ಕಾರುಗಳ ಬಣ್ಣವೂ ಒಂದೇ ಗಡಸು ಅಲ್ಲ. ಕೆಲವದು ಬಲು ಮೆದು. ಗಾಡ ಬಣ್ಣವಾದರೆ ಸಣ್ಣ ಗೆರೆಯೂ ಕಣ್ಣಿಗೆ ಕುಕ್ಕುತ್ತದೆ. ಅಂಥ ಕಾರನ್ನು ತೊಳೆಯುವ ಕ್ರಮ ಹೀಗೆ.

ಬೆಳಗಿನ ಹೊತ್ತು, ನೆರಳಿನಲ್ಲಿ, ಬಾನೆಟ್ ಅಂಗೈಗೆ ತಣ್ಣಗೆ ಹತ್ತುವಾಗ ಕೆಲಸ ಶುರು ಮಾಡಿ. ಮೊದಲು ಕೈ ಹಚ್ಚದೆ, ಮೇಲಿನಿಂದ ನೀರು ಸುರಿದು ಧೂಳು ಇಳಿಸಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಒತ್ತದೆ, ನೇರವಾಗಿ ಎಳೆಯಿರಿ. ಒಂದು ಭಾಗ ಮುಗಿದ ಮೇಲೆ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ ಅದ್ದಿ. ಮಾಡಿನಿಂದ ಕೆಳಗೆ ಬನ್ನಿ. ಗಾಲಿಗಳಿಗೆ ಬೇರೆ ಬಟ್ಟೆ, ಅವು ಕೊನೆಗೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಮುಟ್ಟಿಸಬೇಡಿ. ಬಟ್ಟೆ ಒಗೆಯುವ ಪುಡಿಯೂ ಬೇಡ, ಅದು ಕಾಪಾಡುವ ವ್ಯಾಕ್ಸನ್ನೇ ತೆಗೆದುಬಿಡುತ್ತದೆ.

ಬೋರಿನ ಗಡಸು ನೀರಿನ ಸಂಗತಿ ಅಜ್ಜಿಯರಿಗೆ ಗೊತ್ತು. ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಕಾರಿನ ಮೇಲೆ ಆ ನೀರು ಆರಿದರೆ ಅದೇ ಸುಣ್ಣ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಆದ್ದರಿಂದ ಆರಲು ಬಿಡದೆ, ಒಣಗಿದ ಮೆತ್ತನೆಯ ಟವೆಲ್ ಹಾಸಿ, ಅದು ನೀರು ಹೀರಿದ ಮೇಲೆ ಎತ್ತಿ. ಉಜ್ಜಬೇಡಿ.

ಇನ್ನು ಪಾಲಿಶ್. ಪಾಲಿಶ್ ಎಂದರೆ ಏನನ್ನೋ ಬಳಿದು ಹೊಳಪು ತರುವುದು ಎಂದು ಬಹಳ ಜನ ತಿಳಿದಿದ್ದಾರೆ. ನಿಜಕ್ಕೂ ಅದು ತೆಗೆಯುವ ಕೆಲಸ. ಪಾಲಿಶ್‌ನಲ್ಲಿರುವ ನುಣ್ಣನೆಯ ಕಣಗಳು ಗೀರಿನ ಅಕ್ಕಪಕ್ಕದ ಪದರವನ್ನು ಸವೆಸಿ ಮಟ್ಟ ಮಾಡುತ್ತವೆ. ಸವೆದದ್ದು ಮರಳಿ ಬರುವುದಿಲ್ಲ. ಮೆದು ಬಣ್ಣದ ಮೇಲೆ ದಪ್ಪ ಕಣದ ಕಾಂಪೌಂಡ್ ತಿಕ್ಕಿದರೆ ಹಳೆಯ ಗೆರೆ ಹೋಗಿ, ಸಾವಿರಾರು ಸಣ್ಣ ಗೆರೆಗಳು ಮಂಜು ಕವಿದಂತೆ ಕೂರುತ್ತವೆ.

ಒಂದು ಗ್ಯಾರೇಜಿನಲ್ಲಿ ನಮ್ಮ ಕಾರಿಗೆ ಪಾಲಿಶ್ ಮಾಡಿಸಿದ್ದೆವು. ಕನ್ನಡಿಯಂತೆ ಹೊಳೆಯಿತು. ಎರಡು ಸಲ ತೊಳೆದ ಮೇಲೆ ಬಲೆ ಮತ್ತೆ ಕಾಣಿಸಿತು. ಗೆರೆಗಳು ಹೋಗಿರಲಿಲ್ಲ, ಪಾಲಿಶ್‌ನ ಎಣ್ಣೆ ಅವುಗಳಲ್ಲಿ ತುಂಬಿಕೊಂಡಿತ್ತು ಅಷ್ಟೆ. ಹಾಗಾಗಿ ಇಡೀ ಕಾರಿಗೆ ಕೈ ಹಾಕಿಸುವ ಮೊದಲು ಅಂಗೈ ಅಗಲದ ಜಾಗದಲ್ಲಿ ಮಾಡಿ ತೋರಿಸಲು ಹೇಳಿ. ಅತಿ ನುಣ್ಣನೆಯ ಪಾಲಿಶ್, ಮೆತ್ತನೆಯ ಸ್ಪಂಜು, ಹಗುರ ಒತ್ತಡ ಇವುಗಳಿಂದಲೇ ಶುರುವಾಗಲಿ. ಆ ಜಾಗವನ್ನು ಶಾಂಪೂವಿನಿಂದ ತೊಳೆದು, ಟಾರ್ಚ್ ಹಿಡಿದು ನೋಡಿ. ಗೆರೆ ಕಾಣದಿದ್ದರೆ ಮಾತ್ರ ಮುಂದುವರಿಯಲಿ. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಮಾತ್ರ ಹಾಗೇ ಬಿಡುವುದು ಲೇಸು. ಅದನ್ನು ಅಳಿಸಲು ಹೋದರೆ ಪದರವೇ ಹೋದೀತು.

ಮಕ್ಕಳೇ, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕೆಲಸಕ್ಕೆ ಬಾರದ ಎರಡು ಹಳೆಯ ಸಿಡಿ ತೆಗೆದುಕೊಳ್ಳಿ. ಬಣ್ಣಬಣ್ಣವಾಗಿ ಹೊಳೆಯುವ ಬದಿಯ ಮೇಲೆ ಅಂಗಳದ ಚಿಟಿಕೆ ಧೂಳು ಉದುರಿಸಿ. ಒಂದನ್ನು ಒಣ ಬಟ್ಟೆಯಿಂದ ಒರೆಸಿ. ಇನ್ನೊಂದರ ಮೇಲೆ ಲೋಟದಿಂದ ನೀರು ಸುರಿದು ಧೂಳು ಇಳಿಸಿ, ಆಮೇಲೆ ಒದ್ದೆ ಮೆತ್ತನೆಯ ಬಟ್ಟೆ ಆಡಿಸಿ. ಎರಡನ್ನೂ ಟಾರ್ಚಿನ ಬೆಳಕಿನಲ್ಲಿ ಅಜ್ಜ ಅಜ್ಜಿಗೆ ತೋರಿಸಿ. ಮುಂದಿನ ಭಾನುವಾರ ಕಾರು ತೊಳೆಯುವಾಗ ಮೊದಲು ನೀರೋ ಮೊದಲು ಬಟ್ಟೆಯೋ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.